ಮೂರು ಚೌಕ, ಕೊನೇದು ರಿ

ಚಿಕ್ಕಂದಿನಲ್ಲಿ ನನಗೊಂದು ಗಾಢ ನಂಬಿಕೆಯಿತ್ತು: ದಿನಪತ್ರಿಕೆಯ ಪದಬಂಧವನ್ನು ತುಂಬಿಸದಿದ್ದರೆ ಮರುದಿನ ಪತ್ರಿಕೆ ಬರುವುದಿಲ್ಲ. ಪತ್ರಿಕೆ ಬಾರದಿದ್ದರೆ ನಮ್ಮಪ್ಪನಿಗೆ ಬೆಳಗಾಗುವುದಿಲ್ಲ. ಹಾಗಾಗಿ ನಾನೇ ಮಂಚದ ಕೆಳಗೆ ಕೂತು ಖಾಲಿ ಚೌಕಗಳಿಗೆಲ್ಲ ಕ, ಕಾ, ಕಿ, ಕೀ ತುಂಬಿಸಿಡುತ್ತಿದ್ದೆ. ಮರುದಿನ ಪತ್ರಿಕೆ ತಪ್ಪದೆ ಬರುತ್ತಿತ್ತು. (ಫಲ ಸಿಗುತ್ತಿರುವಾಗ ಸುಳಿವು ಯಾಕೆ ಓದಬೇಕು, ನೀವೇ ಹೇಳಿ.)

ದೊಡ್ಡವನಾದೆ, ಮದುವೆಯಾದೆ, ಪದಬಂಧದ ಬಾಯಿಗೇ ಬಿದ್ದೆ. ನನ್ನ ಹೆಂಡತಿಯೂ, ನಮ್ಮ ಜೊತೆಗೇ ಇರುವ ಅವಳ ಅಪ್ಪನೂ ಬೆಳಿಗ್ಗೆ ಟೀ ಜೊತೆಗೆ ಪದಬಂಧ ಬಿಡಿಸುತ್ತಾರೆ. ಮಾವ ನಿವೃತ್ತ ಭೂಗೋಳದ ಮೇಷ್ಟ್ರು. ಅವರು ಸುಳಿವು ಓದುವುದು, ಮೊದಲು ಉತ್ತರ ಹೇಳಿದವರಿಗೆ ಅಂಕ, ಎಲ್ಲರಿಗಿಂತ ಕಡಿಮೆ ಅಂಕದವರು ಆ ದಿನದ ಪಾತ್ರೆ ತೊಳೆಯುವುದು. ಇದು ಆ ವಂಶದ ಸಂವಿಧಾನ, ತಿದ್ದುಪಡಿಗೆ ಅವಕಾಶವಿಲ್ಲ. ಮದುವೆಯಾದಂದಿನಿಂದ ನಮ್ಮ ಮನೆಯ ಪಾತ್ರೆಗಳು ನನ್ನ ಕೈಯನ್ನು ಬಿಟ್ಟು ಬೇರೆ ಕೈ ಕಂಡಿರಲಿಲ್ಲ.

ಪಾತ್ರೆ ಹಾಳಾಗಲಿ. ಮಾವ ಒಂದು ಕಬ್ಬಿಣದ ಕಡಲೆಯಂಥ ಪದ ಹೇಳಿದಾಗ ಹೆಂಡತಿ ಕಣ್ಣರಳಿಸಿ "ಅಬ್ಬಾ, ಅಪ್ಪಾ!" ಅನ್ನುತ್ತಾಳಲ್ಲ, ಆ "ಅಬ್ಬಾ" ನನಗೆ ಒಂದು ಸಲವಾದರೂ ಬೇಕಿತ್ತು. ನನ್ನ ಪಾಲಿಗೆ ಬರುತ್ತಿದ್ದುದು "ಅಯ್ಯೋ, ಇರ್ಲಿ ಬಿಡಿ."

ನನ್ನ ಉದ್ಯೋಗವೆಂದರೆ ನೀರು ಶುದ್ಧ ಮಾಡುವ ಯಂತ್ರಗಳ ಕಂಪನಿಯೊಂದಕ್ಕೆ ಬರುವ ದೂರುಗಳಿಗೆ ಮನೆಯಲ್ಲೇ ಕೂತು ಕ್ಷಮಾಪಣೆ ಬರೆಯುವುದು. ನಡುಮನೆಯ ಮೂಲೆಯಲ್ಲಿ ನನ್ನ ಮೇಜು. ಕಂಪ್ಯೂಟರಿನ ಬೆನ್ನು ಮನೆಯವರ ಕಡೆಗೆ, ಮುಖ ನನ್ನ ಕಡೆಗೆ. ನನ್ನ ಅವನತಿಗೆ ಈ ವಾಸ್ತುವೇ ಕಾರಣ.

ಕಚೇರಿಯ ಗೆಳೆಯನೊಬ್ಬ ನನ್ನ ಗೋಳು ಕೇಳಿ ಕಂಪ್ಯೂಟರಿಗೆ ಒಂದು ಲಾಂಚರ್ ಹಾಕಿಕೊಟ್ಟ. ಎರಡು ಕೀಲಿ ಒಟ್ಟಿಗೆ ಒತ್ತಿದರೆ ಪರದೆಯ ನಡುವೆ ಒಂದು ಉದ್ದನೆಯ ಖಾಲಿ ಪಟ್ಟಿ ಮೂಡುತ್ತದೆ. ಬೇಕಾದ್ದನ್ನು ಬರೆದರೆ ಹುಡುಕಿ ಕೊಡುತ್ತದೆ. ಅದರ ಬಾಲಕ್ಕೆ ಅವನು ಇನ್ನೊಂದು ಆ್ಯಡ್-ಆನ್ ಕಟ್ಟಿದ. ಗೊತ್ತಿರುವ ಅಕ್ಷರ ಬರೆದು, ಗೊತ್ತಿಲ್ಲದ ಕಡೆ ಪ್ರಶ್ನೆಚಿಹ್ನೆ ಹಾಕಿದರೆ ಸಾಕು, ಆ ಅಳತೆಗೆ ಸರಿಹೊಂದುವ ಪದಗಳೆಲ್ಲ ಅಕಾರಾದಿಯಾಗಿ ಸಾಲುಗಟ್ಟಿ ನಿಲ್ಲುತ್ತವೆ. ಅರ್ಥ ಮಾತ್ರ ಹೇಳುವುದಿಲ್ಲ. ನನಗೂ ಅದರ ಅಗತ್ಯ ಕಾಣಲಿಲ್ಲ.

ಮರುದಿನವೇ ಯುದ್ಧ ಸಾರಿದೆ. ಮಾವ "ನಾಲ್ಕಕ್ಷರ, ಎರಡನೇದು ವಾ" ಅನ್ನುವಷ್ಟರಲ್ಲಿ ನನ್ನ ಬೆರಳು ಓಡಿತು. ಆಫೀಸಿನ ಕೆಲಸ ಮಾಡುತ್ತಿರುವವನ ಗಾಂಭೀರ್ಯದಿಂದ, ತಲೆ ಎತ್ತದೆ, ಉತ್ತರ ಎಸೆದೆ. ಸರಿ! ಇನ್ನೊಂದು. ಅದೂ ಸರಿ! ಆ ವಾರದೊಳಗೆ "ಏನಪ್ಪಾ" ಅನ್ನುತ್ತಿದ್ದ ಮಾವ "ಅಳಿಯಂದ್ರೇ" ಅನ್ನತೊಡಗಿದರು. ಪಾತ್ರೆಗಳು ಅವರ ಕೈಗೆ ದಾಟಿದವು. ಒಂದು ಬೆಳಿಗ್ಗೆ ಹೆಂಡತಿ ನಿಜವಾಗಿಯೂ "ಅಬ್ಬಾ!" ಅಂದಳು. ಆ ದಿನದ ಟೀಯಲ್ಲಿ ಯಾಕೋ ಸೋಪಿನ ಘಮ ಇತ್ತು. ಗೆಲುವಿನ ರುಚಿ ಹೀಗೇ ಇರುತ್ತದೇನೋ ಎಂದುಕೊಂಡು ಚಪ್ಪರಿಸಿದೆ.

ಬರಬರುತ್ತಾ ನಾನು ಸುಳಿವಿಗೆ ಕಿವಿ ಕೊಡುವುದನ್ನೇ ಬಿಟ್ಟೆ. ಎಷ್ಟು ಅಕ್ಷರ, ಯಾವುದು ಎಲ್ಲಿ, ಅಷ್ಟೇ. ಪಟ್ಟಿಯಲ್ಲಿ ಹಲವು ಪದ ಬಂದರೆ, ಪತ್ರಿಕೆಯವರು ಇದರಲ್ಲಿ ಯಾವುದನ್ನು ಪ್ರೀತಿಸಬಹುದು ಎಂದು ಊಹಿಸಿ ಕೂಗುತ್ತಿದ್ದೆ. ಮಂಚದ ಕೆಳಗಿನ ಬಾಲವಿದ್ಯೆ ವಿಶ್ವರೂಪ ತಾಳಿತ್ತು.

ಹಾಗಿರುವಾಗ ಒಂದು ದಿನ ಪತ್ರಿಕೆಗೆ ರಜೆ. ಮಾವ ಸುಮ್ಮನಿರುವ ಆಸಾಮಿಯಲ್ಲ; ಹಳೇ ಕ್ಯಾಲೆಂಡರಿನ ಹಿಂಬದಿಗೆ ಸ್ಕೇಲಿಟ್ಟು ಗೆರೆ ಎಳೆದು, ನಮ್ಮ ಮನೆಯದೇ ಒಂದು ಪದಬಂಧ ಮಾಡಿದರು. ಹಾಗಂತ ಜೋರಾಗಿ ಹೇಳಿಯೂ ಇದ್ದರಂತೆ. ನನಗೆ ಕೇಳಿಸಿದ್ದರೆ ತಾನೇ?

"ಅಳಿಯಂದ್ರೇ, ಇದು ನಿಮಗೇ. ಮೇಲಿಂದ ಕೆಳಗೆ. ನಿಮ್ಮ ಹೆಂಡತಿ. ಮೂರು ಚೌಕ, ಕೊನೇದು ರಿ."

ಮೂರು ಚೌಕ, ಕೊನೇದು ರಿ! ಎರಡು ಪ್ರಶ್ನೆಚಿಹ್ನೆ, ಒಂದು ರಿ. ಕಸ್ತೂರಿಯಿಂದ ಶುರುವಾಗಿ ಪದಗಳು ಇಳಿಜಾರಿನಲ್ಲಿ ಉರುಳಿದವು. ಪಟ್ಟಿಯ ತುದಿಗೆ ಬಂದಾಗ ನನ್ನ ಕಣ್ಣು ಮಿಂಚಿತು. ಪತ್ರಿಕೆಯವರು ಯಾವ ರೋಗ ಬಂದರೂ ತಪ್ಪದೆ ಬಳಸುವ ಪದ!

"ಹೆಮ್ಮಾರಿ!" ಎಂದು ಮನೆ ಅದುರುವಂತೆ ಕೂಗಿದೆ.

ಮೇಜು ಕುಟ್ಟಿ ಮಾವನ ಕಡೆ ತಿರುಗಿದೆ.

"ಸರೀನಾ ಮಾವ?"

ಮಾವ ಕನ್ನಡಕ ತೆಗೆದು ಒರೆಸಿದರು. "ನಾನು ಬರೆದಿದ್ದು ತುತ್ತೂರಿ ಅಂತ."

ತುತ್ತೂರಿ. ಹುಟ್ಟಿದಾಗ ಅವಳು ಅತ್ತ ಅಳುವಿಗೆ ಬೀದಿಯೇ ಎದ್ದು ಕೂತಿತ್ತೆಂದು ಅಪ್ಪ ಇಟ್ಟ ಮುದ್ದಿನ ಹೆಸರು. ಮದುವೆಗೆ ಮುಂಚೆ ಅವಳು ನಾಚಿಕೊಂಡು ನನಗೆ ಹೇಳಿದ ಮೊದಲ ಗುಟ್ಟು.

ಆಗ ಗೊತ್ತಾಯಿತು, ಟೀ ಲೋಟ ಹಿಡಿದು ಅವಳು ನನ್ನ ಪಕ್ಕದಲ್ಲೇ ನಿಂತಿದ್ದಾಳೆ, ಪರದೆಯನ್ನೇ ನೋಡುತ್ತಿದ್ದಾಳೆ.

"ಇದೇನ್ರೀ ಇದು?"

"ಅದು... ಆಫೀಸಿಂದು."

"ಆಫೀಸಲ್ಲಿ ರಿ ಅಂತ ಮುಗಿಯೋ ದೂರುಗಳು ಮಾತ್ರ ಬರುತ್ತಾ?" ಅವಳು ಬಗ್ಗಿ ಬೆರಳಿಟ್ಟು ಓದಿದಳು. "ಕಸ್ತೂರಿ. ಕಿನ್ನರಿ. ಕುಮಾರಿ. ತುತ್ತೂರಿ, ಇಲ್ಲೇ ಇದೆಯಲ್ಲ! ಸೋಮಾರಿ. ಹೆದ್ದಾರಿ. ಇಷ್ಟೆಲ್ಲ ದಾಟಿಕೊಂಡು ತಳಕ್ಕೆ ಹೋಗಿ ಅದನ್ನೇ ಹೆಕ್ಕಿದ್ರಾ?"

"ನಾನಲ್ಲ ಮಾರಾಯ್ತಿ, ಕಂಪ್ಯೂಟರು!"

"ಕಂಪ್ಯೂಟರ್ ಏಳು ಕೊಟ್ಟಿದೆ. ಆರಿಸಿದ್ದು ಯಾರು?"

ಗಾಬರಿಯಲ್ಲಿ ಹೊಟ್ಟೆಪಾಡಿನ ಭಾಷೆಯೇ ಬಾಯಿಗೆ ಬಂತು. "ತಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ. ನಮ್ಮ ಪ್ರತಿನಿಧಿ ಶೀಘ್ರದಲ್ಲೇ ತಮ್ಮನ್ನು..."

ಟೀ ಲೋಟ ನನ್ನ ಮೇಜಿಗೆ ಬರದೆ ವಾಪಸ್ ಹೋಯಿತು.

"ಹೋಗಪ್ಪಾ," ಅಂದರು ಮಾವ. ಅಳಿಯಂದ್ರು ಅಲ್ಲಿಗೆ ತೀರಿಕೊಂಡರು. "ಸಿಂಕಲ್ಲಿ ನಿನ್ನೆ ರಾತ್ರೀದೂ ಇದೆ."

ಅಂಗಿಯ ತೋಳು ಮಡಚಿ ಸಿಂಕಿನ ಮುಂದೆ ನಿಂತೆ. ಮನೆಯ ಪಾತ್ರೆಗಳೆಲ್ಲ ಹಳೇ ನಂಟನನ್ನು ಕಂಡಂತೆ ಗಲಗಲ ಅಂದವು. ತಳ ಹಿಡಿದ ಹಾಲಿನ ಪಾತ್ರೆ ಮುಗಿಸುವಷ್ಟರಲ್ಲಿ ಹೆಂಡತಿ ಒರೆಸುವ ಬಟ್ಟೆ ಹಿಡಿದು ಪಕ್ಕಕ್ಕೆ ಬಂದಳು. ಮುಖ ಇನ್ನೂ ಬಿಗಿಯಾಗಿತ್ತು, ಆದರೆ ಬಂದಿದ್ದಳಲ್ಲ. ನನಗೆ ಧೈರ್ಯ ಬಂತು. ಕೇಳಬಾರದ್ದನ್ನು ಕೇಳಿದೆ.

"ಆ ಕಂಪ್ಯೂಟರ್ ವಿಷಯ ಬಿಡು. ನಿಜ ಹೇಳು, ನಾನು ಜಾಣ ಅಂತ ನಿನಗೆ ಒಂದು ದಿನವಾದ್ರೂ ಅನ್ನಿಸಿತ್ತಾ?"

ಅವಳು ನಾನು ತೊಳೆದ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ, ಒಂದು ಸಲ ಮೂಸಿ ನೋಡಿದಳು.

"ಇಲ್ಲ ರೀ. ಆದ್ರೆ ನೀವು ಗೆಲ್ಲೋಕೆ ಶುರು ಮಾಡಿದಾಗಿಂದ ಅಪ್ಪ ತೊಳೆದ ಲೋಟದಲ್ಲೆಲ್ಲ ಬರೀ ಸೋಪು. ನೀವು ಸೋಲ್ತಾ ಇರಿ."