ಕ್ಷಿಪಣಿ ಮಾವ ಮತ್ತು ನನ್ನ ಸ್ಕೂಟರ್

ದಾವಣಗೆರೆಯಲ್ಲಿ ಚಿನ್ನದ ದರ, ಮೆಕ್ಕೆಜೋಳದ ದರ ಯಾರನ್ನು ಕೇಳಿದರೂ ಹೇಳುತ್ತಾರೆ. ಟ್ಯಾಂಕ್ ಒಡೆಯುವ ಕ್ಷಿಪಣಿಯ ದರ ಬೇಕಾದರೆ ಮಾತ್ರ ನಮ್ಮ ಮನೆಗೇ ಬರಬೇಕು! ನನ್ನ ಗಂಡನ ಚಿಕ್ಕಪ್ಪ, ನನಗೆ ಸಣ್ಣ ಮಾವ, ಕಾಲಾಳು ಪಡೆಯಲ್ಲಿ ಅಂಥ ಕ್ಷಿಪಣಿ ಹಾರಿಸುವ ಗುರಿಕಾರರಾಗಿದ್ದವರು. ಈಗ ಸಾರಥಿ ಎಂಬ ಹಳ್ಳಿಯಲ್ಲಿ ಭತ್ತ ಬೆಳೆಯುತ್ತಾರೆ. ಸೋಮವಾರ ಬಂತೆಂದರೆ ಬಸ್ಸು ಹತ್ತಿ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಗೆ ಹಾಜರು.

ಅವರ ತಕ್ಕಡಿಗೆ ಇರುವುದು ಒಂದೇ ತೂಕದ ಕಲ್ಲು, ಕ್ಷಿಪಣಿ. ನಾದಿನಿಯ ಮದುವೆಗೆ ರೇಷ್ಮೆ ಸೀರೆಯ ಬೆಲೆ ಕೇಳಿ ನಾವೆಲ್ಲ ಬೆಚ್ಚಿಬಿದ್ದರೆ ಮಾವ ನಕ್ಕರು. "ಅಷ್ಟೇ ಏನ್ರಿ? ಒಂದ್ ಗುಂಡಿ ಒತ್ತಿ ನಿಮ್ಮ ಅರ್ಧ ಅಂಗಡಿ ಸುಟ್ಟೋನು ನಾನು!" ಅಂಗಡಿಯವನು ಅವಸರವಾಗಿ ಹತ್ತು ಪರ್ಸೆಂಟ್ ಇಳಿಸಿದ.

"ಈಗಿನವು ಕೋಟಿ ದಾಟ್ತಾವವ್ವ," ಎನ್ನುತ್ತಾರೆ. "ಹಾರಿಸಿ ನಾವು ಓಡಿದ್ರೂ ತಾವೇ ಟ್ಯಾಂಕಿನ ಬಿಸಿ ಹುಡುಕ್ಕೊಂಡು ಹೋಗ್ತಾವೆ. ಮ್ಯಾಲೆ ಏರಿ ನೆತ್ತಿಗೇ ಬೀಳ್ತಾವೆ. ಟ್ಯಾಂಕಿಗೆ ನೆತ್ತೀನೇ ಮೆತ್ತಗೆ." ವಿವರಿಸಲು ಮೇಲೆತ್ತಿದ್ದು ನನ್ನ ಲಟ್ಟಣಿಗೆ. ಬಿದ್ದದ್ದು ಮೊಸರಿನ ಪಾತ್ರೆಗೆ. ಗೋಡೆ ಒರೆಸಿದ್ದು ನಾನು!

ಅವರ ಕಾಲದ್ದು ಕೂದಲೆಳೆಯಂಥ ತಂತಿ ಬಿಚ್ಚಿಕೊಳ್ಳುತ್ತ ಹಾರುವ ಕ್ಷಿಪಣಿ. ಗುರಿಕಾರ ಟ್ಯಾಂಕನ್ನಷ್ಟೇ ನೋಡುತ್ತಿರಬೇಕು. ಅವನು ನೋಡಿದತ್ತ ಯಂತ್ರವೇ ತಂತಿಯ ಮೂಲಕ ಕ್ಷಿಪಣಿಯನ್ನು ತಿರುಗಿಸುತ್ತದೆ. ಬೆಲೆ ಲಕ್ಷಗಟ್ಟಲೆಯಾದ್ದರಿಂದ ವರ್ಷವಿಡೀ ಕ್ಷಿಪಣಿ ಹಾರಿಸದೆಯೇ ಸುಳ್ಳು ಅಭ್ಯಾಸ. ನಿಜವಾದದ್ದು ಮಾವನಿಗೆ ಸಿಕ್ಕಿದ್ದು ಇಡೀ ಸರ್ವಿಸಿನಲ್ಲಿ ಒಂದೇ ಒಂದು. ಅದರ ತಂತಿಯ ಪುಟ್ಟ ಸುರುಳಿ ಅವರ ಎಲೆಅಡಿಕೆ ಸಂಚಿಯಲ್ಲಿದೆ. ಯಾರೂ ಮುಟ್ಟುವಂತಿಲ್ಲ.

ಇನ್ನು ನನ್ನ ಪಾಡು. ನನ್ನ ತವರು ಹರಿಹರ. "ಬಸ್ಸಿನ ರಶ್ಶಿನಾಗ ಯಾಕ, ಭಾನುವಾರ ನಾನೇ ಬಿಡ್ತೀನಿ" ಎನ್ನುವ ಗಂಡ. ಆ ಭಾನುವಾರ ಬರುವುದೇ ಇಲ್ಲ! ಹಟಕ್ಕೆ ಬಿದ್ದು ಸ್ಕೂಟರ್ ಕೊಂಡೆ. ಲೈಸೆನ್ಸ್ ಪರೀಕ್ಷೆಯಲ್ಲಿ ಎಂಟರ ಆಕಾರದ ದಾರಿಯಲ್ಲಿ ಕಾಲೂರಿ ಎರಡು ಸಲ ಫೇಲಾದೆ. ಇನ್ನೊಮ್ಮೆ ಫೇಲಾದರೆ ಸ್ಕೂಟರ್ ಮಾರಾಟ, ಎಂದು ಗಂಡನ ತೀರ್ಪಾಯಿತು.

ನಾನು ಸ್ಕೂಟರ್ ಓಡಿಸುವುದನ್ನು ಮಾವ ಒಂದು ಸುತ್ತು ನೋಡಿದರು. "ಎಲ್ಲಿ ನೋಡ್ತೀಯವ್ವ?"

"ಮುಂದಿನ ಗಾಲಿ, ಮಾವ."

ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ಕಣ್ಣು ಕೆಳಗಿಟ್ಟು ನಡೆಯುವುದನ್ನು ಅಷ್ಟು ಚೆನ್ನಾಗಿ ಕಲಿಸಿದ್ದರಲ್ಲ!

"ಕ್ಷಿಪಣಿ ನೋಡಬ್ಯಾಡ, ಟ್ಯಾಂಕ್ ನೋಡು! ಕಣ್ಣು ಹೋದಲ್ಲಿ ಗಾಡಿ ಹೋಗ್ತೈತೆ."

ಹದಿನೈದು ದಿನ ನಮ್ಮಲ್ಲೇ ಉಳಿದು, ತಲೆಗೆ ಹಸಿರು ಟವಲು ಸುತ್ತಿ, ಖಾಲಿ ಸೈಟಿನಲ್ಲಿ ತಾವೇ ಟ್ಯಾಂಕಾಗಿ ನಡೆದರು. ಹಿಂದೆ ಸ್ಕೂಟರಿನಲ್ಲಿ ನಾನು. ಎದುರುಮನೆಯಾಕೆ ಕೇಳಿದಳು: "ಮಾವನ ಮ್ಯಾಲೆ ಅಷ್ಟ್ ಸಿಟ್ಟೇನ್ರಿ?"

ಪರೀಕ್ಷೆಯ ದಿನ ಮೈದಾನದ ಅಂಚಿನಲ್ಲಿ ಅದೇ ಹಸಿರು ಟವಲು! ನಾನು ತಿರುಗಬೇಕಾದತ್ತ ಅದು ಮೊದಲೇ ಸರಿಯುತ್ತಿತ್ತು.

"ಯಾರ್ರೀ ಅವರು, ಸುಮ್ನೆ ಓಡಾಡ್ತಾರೆ?" ಇನ್ಸ್‌ಪೆಕ್ಟರು ಕೇಳಿದರು.

"ಟ್ಯಾಂಕು ಸಾರ್," ಎಂದೆ, ಟವಲಿನಿಂದ ಕಣ್ಣು ಕೀಳದೆ. ಕಾಲು ನೆಲಕ್ಕೆ ತಾಗಲೇ ಇಲ್ಲ. ಪಾಸ್!

ಲೈಸೆನ್ಸ್ ಕೈಗೆ ಬಂದ ದಿನ ಮಾವನನ್ನು ಹಿಂದೆ ಕೂರಿಸಿಕೊಂಡು ಹರಿಹರಕ್ಕೆ ಹೊರಟೆ. ಅದು ಸೋಮವಾರ ನೋಡಿ, ಭಾನುವಾರವಲ್ಲ! ತವರಿನ ಗೇಟಿನ ಮುಂದೆ ರಾಣಿಯಂತೆ ಬ್ರೇಕ್ ಹಾಕಿದೆ. ಮಾವ ಇಳಿದರು.

"ಅವತ್ತು ನಂದು ಗುರಿಗೆ ಬೀಳ್ಲಿಲ್ಲವ್ವ."

"ಏನು ಮಾವ?"

"ಆ ಒಂದೇ ಒಂದು. ಬಾಲದ ಬೆಂಕಿ ಎಷ್ಟು ಚಂದಿತ್ತು ಅಂದ್ರೆ... ಟ್ಯಾಂಕ್ ಬಿಟ್ಟು ಅದನ್ನೇ ನೋಡ್ಕೋತ ಕುಂತೆ."

ಸಂಚಿ ಬಿಚ್ಚಿದರು. ಆ ತಂತಿಯ ಸುರುಳಿಯನ್ನು ತೆಗೆದು ನನ್ನ ಸ್ಕೂಟರಿನ ಕೀಲಿಗೆ ಒಂದೊಂದೇ ಸುತ್ತು ಸುತ್ತಿ, ಕೈಯಲ್ಲಿಟ್ಟರು.

"ಇದು ಗುರಿಗೆ ಬಿತ್ತು ನೋಡವ್ವ."