ಹಂಡೆಯೊಳಗೆ ಹೋದ ಪಾಳಿ

ಪಾಳಿ ಹಚ್ಚುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವ ಹೆಂಗಸು ಆಗ ಇಡೀ ದಾಂಡೇಲಿಯಲ್ಲಿ ಇರಲಿಲ್ಲ. ಇದು ಜಂಬವಲ್ಲ. ಕಾಗದದ ಗಿರಣಿಯ ಕೆಲಸಕ್ಕೆಂದು ಧಾರವಾಡ, ಬೆಳಗಾವಿ ಕಡೆಯಿಂದ ಬಂದ ನಾವೆಲ್ಲ ಸಾಲುಮನೆಗಳ ಒಂದೇ ಚಾಳಿನಲ್ಲಿದ್ದೆವು. ಚಾಳಿಗೆಲ್ಲ ಒಂದೇ ನಳ. ಆ ನಳದ ಮುಂದೆ ಯಾರ ಕೊಡದ ಹಿಂದೆ ಯಾರ ಕೊಡ ಎಂಬುದರಲ್ಲಿ ನಾನು ಹೇಳಿದ್ದೇ ತೀರ್ಪು. ನಾನು ಕಲಿತದ್ದು ಎರಡನೇ ಇಯತ್ತೆ, ಅದೂ ಪೂರ್ತಿ ಅಲ್ಲ. ಆದರೆ ಕೊಡದ ಗುರುತು ಹಿಡಿಯಲು ಶಾಲೆ ಏಕೆ ಬೇಕು?

ನಮ್ಮ ಮನೆಯವರು ಗಿರಣಿಯಲ್ಲಿ ಫಿಟ್ಟರ್. ಸಾಲದ್ದಕ್ಕೆ ಚಾಳಿನ ಮಕ್ಕಳಿಗೆಂದು ಒಂದು ಆಟದ ಸಂಘವನ್ನೂ ಕಟ್ಟಿದ್ದರು. ಗಂಡುಹುಡುಗರಿಗೆ ಹುತುತು, ಹೆಣ್ಣುಮಕ್ಕಳಿಗೆ ಖೋ ಖೋ. ಮೊದಲು ಯಾರೂ ಬರುತ್ತಿರಲಿಲ್ಲ. ಹಳಿಯಾಳದಲ್ಲಿ ಖೋ ಖೋ ಪಂದ್ಯವಿದೆ, ಲಾರಿಯಲ್ಲಿ ಕರೆದುಕೊಂಡು ಹೋಗುತ್ತಾರೆ ಎಂಬ ಸುದ್ದಿ ಹಬ್ಬಿದ್ದೇ ತಡ, ಚಾಳಿನಲ್ಲಿ ಪರಕಾರ, ಅಂದರೆ ಲಂಗ, ಉಟ್ಟವರೆಲ್ಲ ಆಟಗಾರ್ತಿಯರಾದರು! ತಂಡ ತುಂಬಿತು. ಉಳಿದವರ ತಾಯಂದಿರು ಹೊತ್ತುಗೊತ್ತಿಲ್ಲದೆ ನಮ್ಮ ಬಾಗಿಲು ಬಡಿಯತೊಡಗಿದರು. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ ನಮ್ಮವರು ರೇಗಿದರು.

"ಏ, ಜಾಗಾ ಖಾಲಿ ಆದಂಗ ಒಬ್ಬೊಬ್ಬರನ್ನ ತಗೋತೇವಿ. ಅಲ್ಲೀತನಕ ಇವರನ್ನ ಪಾಳಿ ಹಚ್ಚಬೇಕು. ಹೆಸರು ಬರದು ಇಡ್ತಿ?"

"ಬರಿಯೂದು ಯಾಕ್ರಿ? ನಳದ ಮುಂದ ಯಾರರ ಹೆಸರು ಬರದು ಇಡ್ತಾರೇನು? ನಮ್ಮ ಕಟ್ಟಿ ಮ್ಯಾಲ ಒಂದೊಂದು ಭಾಂಡೆ ಇಡಸ್ತೇನಿ. ಯಾರ ಭಾಂಡೆ ಮುಂದೈತಿ, ಅವರ ಮಗಳು ಮುಂದ."

"ಏನರ ಮಾಡು. ನನ್ನ ಎಬ್ಬಸಬ್ಯಾಡ" ಎಂದು ಅವರು ಗೋಡೆಯ ಕಡೆ ತಿರುಗಿದರು. ಹೀಗೆ ಸದರಿ ಸಂಘದ ಹೆಣ್ಣುಮಕ್ಕಳ ಪಾಳಿಯ ಸರ್ವಾಧಿಕಾರವು ನನಗೆ ಪ್ರಾಪ್ತವಾಯಿತು!

ಮೊದಲು ಬಂದವಳು ಯಲ್ಲವ್ವ, ಮಗಳು ರತ್ನಿಯನ್ನು ಕರೆದುಕೊಂಡು. ರತ್ನಿಯ ಅಪ್ಪ ಕುಳಗಿ ಕಡೆಯಿಂದ ಬಿದಿರು ತರುವ ಲಾರಿಯಲ್ಲಿ ಹಮಾಲ. ರತ್ನಿಯ ಕೈಯಲ್ಲಿ ಒಂದು ಸಣ್ಣ ಹಿತ್ತಾಳೆ ತಂಬಿಗೆ, ಒಂದು ಕಡೆ ಜಜ್ಜಿದ್ದು.

"ಅಕ್ಕಾರ, ಇಕೀನ ಮುಂಡಗೋಡಕ್ಕ ಸ್ವಾದರತ್ತಿ ಮನಿಗೆ ಕಳಸ್ತೇನಂತ ಕುಂತಾನ ಇಕೀ ಅಪ್ಪ, ಅವರ ಕೂಸು ಆಡಸಾಕ" ಎಂದಳು ಯಲ್ಲವ್ವ. "ಆಟಕ್ಕ ಹೆಸರು ಬಂದ್ರ ಬಿಡ್ತಾನಂತ. ಬರೂ ಐತವಾರತನಕ ಅಷ್ಟ ನೋಡಾಂವ."

ರತ್ನಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೆದರಬ್ಯಾಡ" ಎಂದೆ. "ಪೈಲಾ ತಂಬಗಿ ನಿಂದ. ಇದನ್ನ ಬ್ರಹ್ಮ ಬಂದ್ರೂ ಸರಸಾಂಗಿಲ್ಲ."

ಬ್ರಹ್ಮ ಬರಲಿಲ್ಲ. ನಾನೇ ಸರಿಸಿದೆ.

ಅದು ಆಮೇಲಿನ ಮಾತು. ಮೊದಮೊದಲು ನನ್ನ ಆಡಳಿತ ಬಹಳ ಚೆನ್ನಾಗಿಯೇ ನಡೆಯಿತು. ತಂಬಿಗೆಯ ಹಿಂದೆ ಚರಿಗೆ, ಚರಿಗೆಯ ಹಿಂದೆ ಬೋಗುಣಿ. ಒಬ್ಬಳು ಸಾರು ಕುದಿಸಬೇಕೆಂದು ತನ್ನ ಬೋಗುಣಿ ಒಯ್ದು ಆ ಜಾಗದಲ್ಲಿ ಇಟ್ಟಿಗೆ ಇಟ್ಟಳು. ಇಟ್ಟಿಗೆಗೂ ಮರ್ಯಾದೆ ಕೊಟ್ಟೆ. ಇನ್ನೊಬ್ಬಳ ಗಂಡನಿಗೆ, "ನಿಮ್ಮ ಮಗಳದು ಮೂರನೇ ಪಾಳಿ ನೋಡ್ರಿ" ಎಂದು ಹೇಳಿದ್ದಕ್ಕೆ ಆತ ಕೆಂಡವಾದ. "ಹೆಣ್ಣುಹುಡುಗೀನ ರಾತ್ರಿ ಪಾಳಿಗೆ ಹಾಕ್ತೀರೇನ್ರಿ?" ಗಿರಣಿಯವರಿಗೆ ಪಾಳಿ ಎಂದರೆ ಅದೊಂದೇ!

ಎಲ್ಲರಿಗಿಂತ ಕೊನೆಗೆ ಬಂದವಳು ಎದುರುಮನೆಯ ಸುಂದ್ರವ್ವ. ಗಂಡ ಹೆಂಡತಿ ಇಬ್ಬರೂ ಸೇರಿ ನೀರು ಕಾಯಿಸುವ ತಾಮ್ರದ ಹಂಡೆ ಹೊತ್ತು ತಂದರು.

"ಯಾಕ ಸುಂದ್ರವ್ವಾ, ಮಗಳನ್ನ ಆಟಕ್ಕ ಹಚ್ಚಾಕತ್ತೀಯೋ, ಬಾಣಂತಿಗೆ ನೀರು ಹಾಕಾಕ ಬಂದೀಯೋ?"

"ಸಣ್ಣ ಭಾಂಡೆ ಯಾರರ ಎತಗೊಂಡು ಹೋದ್ರ ಏನ್ ಮಾಡೂದ್ರಿ? ಇದನ್ನ ಎತ್ತಲಿ, ನೋಡೂಣು!"

ಹಂಡೆ ಕೊನೆಯಲ್ಲಿ ಕುಳಿತಿತು.

ಶನಿವಾರ ಕಟ್ಟೆ ಸಾರಿಸುವುದಿತ್ತು. ಭಾಂಡೆಗಳನ್ನೆಲ್ಲ ಇಳಿಸಿದೆ. ಇಳಿಸಿದ ಮೇಲೆ ಅವುಗಳ ಮಸಿ ಕಣ್ಣಿಗೆ ಬಿತ್ತು. ಊರ ಹೆಂಗಸರ ಭಾಂಡೆ ನನಗೇಕೆ? ಆದರೂ ಕೈ ಕೇಳಲಿಲ್ಲ. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದೆ. ಸಾರಿಸಿದ್ದು ಒಣಗಿದ ಮೇಲೆ ಎಲ್ಲವನ್ನೂ ಮತ್ತೆ ಕಟ್ಟೆಗೆ ಇಟ್ಟೆ. ತೊಳೆದ ಭಾಂಡೆ ಕೈಗೆ ಬಂದರೆ ಹೆಂಗಸು ಹೇಗೆ ಇಡುತ್ತಾಳೆ? ದೊಡ್ಡದು ಮೊದಲು, ಆಮೇಲೆ ಅದಕ್ಕಿಂತ ಸಣ್ಣದು. ತೀರ ಸಣ್ಣದಿದ್ದರೆ ದೊಡ್ಡದರ ಹೊಟ್ಟೆಯೊಳಗೆ. ನನ್ನ ಕೈ ಅದನ್ನೇ ಮಾಡಿತು. ತಲೆ ಮಾತ್ರ ಒಲೆಯ ಮೇಲೆ ಉಕ್ಕುತ್ತಿದ್ದ ಬೇಳೆಯ ಹತ್ತಿರ ಇತ್ತು. ಸಾಲು ಎಷ್ಟು ಚೆಂದ ಕಂಡಿತೆಂದರೆ, ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದೆ!

ಅದೇ ಸಂಜೆ ತಂಡದ ಹುಡುಗಿಯೊಬ್ಬಳ ಅಪ್ಪ ರಾಮನಗರದಲ್ಲಿ ಅಂಗಡಿ ಹಾಕುತ್ತೇನೆಂದು ಸಂಸಾರ ಕಟ್ಟಿಕೊಂಡು ಹೊರಟ. ಒಂದು ಜಾಗ ಖಾಲಿ!

ಐತವಾರ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ನಮ್ಮವರು ಹೊರಗಿನಿಂದ ಕೂಗಿದರು. "ಏ, ಪೈಲಾ ಪಾಳಿ ಯಾರದು?"

"ಕಟ್ಟಿ ಮ್ಯಾಲ ಪೈಲಾ ಯಾವ ಭಾಂಡೆ ಐತಿ ನೋಡ್ರಿ. ಅವರದ."

"ಹಂಡೆ ಐತಿ!"

ರೊಟ್ಟಿಯ ಸಪ್ಪಳದಲ್ಲಿ ನನಗೆ ಕೇಳಿಸಿದ್ದು "ಐತಿ" ಅಷ್ಟೇ. "ಹಾಂ, ಅದರೀ!" ಎಂದೆ.

ಸುಂದ್ರವ್ವನ ಮಗಳು ಕುಣಿದಳು. ಸುಂದ್ರವ್ವ ಎಲ್ಲರಿಗೂ ಬೆಲ್ಲ ಹಂಚಿದಳು. ನನಗೂ ಕೊಟ್ಟಳು, ನಾನೂ ತಿಂದೆ! ಏಕೆ ಕೊಟ್ಟಳೆಂದು ಕೇಳಬೇಕಲ್ಲ? ಕೇಳಲಿಲ್ಲ. ಬೆಲ್ಲ ಚೆನ್ನಾಗಿತ್ತು. ಆಮೇಲೆ ಗಂಡ ಹೆಂಡತಿ ಹಂಡೆ ಎತ್ತಿದರು.

ಠಣ್! ಠಣ ಠಣ ಠಣ!

ಹಂಡೆ ವಾಲಿತು. ಅದರ ಬಾಯಿಯಿಂದ ಒಂದು ಜಜ್ಜಿದ ತಂಬಿಗೆ ಉರುಳಿಕೊಂಡು ಬಂದು ನನ್ನ ಕಾಲಿಗೆ ಬಡಿದು ನಿಂತಿತು. ಬಗ್ಗಿ ಎತ್ತಿಕೊಂಡೆ.

"ಇದು ರತ್ನೀದಲ್ಲ? ಮುಂಜಾನೆ ಬಂದು ಹುಡುಕ್ಯಾಡಿ ಹೋದ್ಳಲ್ರಿ ಆಕಿ" ಎಂದಳು ಸುಂದ್ರವ್ವನ ಮಗಳು. "ತಂಬಗಿ ತಗದು ಒಗದಾರ, ನನ್ನ ಪಾಳಿ ಹೋತು ಅಂದ್ಳು. ಅವರಪ್ಪ ಬಸ್ ಸ್ಟ್ಯಾಂಡಿಗೆ ಕರಕೊಂಡು ಹೋಗ್ಯಾನ."

ಸುಂದ್ರವ್ವ ಹಂಡೆ ಕೆಳಗಿಟ್ಟಳು. "ಏನ್ ನೋಡಾಕತ್ತೀರಿ ಅಕ್ಕಾರ? ಓಡ್ರಿ! ಮದ್ಲ ಆಕೀನ ಕರಕೊಂಡು ಬರ್ರಿ. ಜಗಳಾ ಆಮ್ಯಾಲ ಮಾಡೂಣು."

ಓಡಿದೆ. ಸೆರಗು ಸೊಂಟಕ್ಕೆ ಬಿಗಿದು, ಕೈಯಲ್ಲಿ ತಂಬಿಗೆ ಹಿಡಿದು ಓಡಿದೆ. ಬೆಳಗಿನ ಹೊತ್ತು ತಂಬಿಗೆ ಹಿಡಿದವರು ಎಲ್ಲಿಗೆ ಹೋಗುತ್ತಾರೆಂದು ಆ ಕಾಲದಲ್ಲಿ ಯಾರಿಗೂ ಹೇಳಿಕೊಡಬೇಕಿರಲಿಲ್ಲ. ಅದೂ ಓಡುತ್ತ ಹೊರಟರೆ! ಸೈಕಲ್ಲಿನವನು ಇಳಿದು ದಾರಿ ಬಿಟ್ಟ. ಚಹಾದ ಅಂಗಡಿಯ ಮುಂದಿದ್ದವರು ಮರ್ಯಾದಸ್ಥರು, ಮುಖ ತಿರುಗಿಸಿದರು. ಒಬ್ಬ ಮುದುಕಿ ಮಾತ್ರ ಕರುಣೆಯಿಂದ, "ತಡಕೋ ನನ್ನವ್ವಾ, ಹೊಳಿ ಇಲ್ಲೇ ಐತಿ" ಎಂದಳು.

ಮುಂಡಗೋಡಿಗೆ ಹೋಗುವವರು ಹತ್ತುವ ಹಳಿಯಾಳದ ಬಸ್ಸು ಗುರ್ರೆನ್ನುತ್ತಿತ್ತು. ಕಂಡಕ್ಟರ್ ಕೈ ಅಡ್ಡ ಹಿಡಿದ. "ಯಕ್ಕಾ, ಈ ಕಡೆ ಅಲ್ರೀ! ಗಿಡಾ ಕಂಟಿ ಆ ಕಡೆ ಅದಾವ!"

"ಗಾಡಿ ನಿಂದ್ರಸೋ!"

"ನಿಂದ್ರಸ್ತೇನ್ರೀ. ನೀವು ಸಾವಕಾಶ ಹೋಗಿ ಬರ್ರಿ."

"ನನಗ ಹೋಗೂದಿಲ್ಲೋ ಮಾರಾಯಾ! ಆಕೀನ ಇಳಸು!"

ಇಡೀ ಬಸ್ಸು ನಕ್ಕಿತು. ನಗದವಳು ಒಬ್ಬಳೇ, ಕಿಟಕಿಯ ಹತ್ತಿರ ಗಂಟು ಅಪ್ಪಿಕೊಂಡು ಕುಳಿತಿದ್ದ ರತ್ನಿ. ತಂಬಿಗೆ ಎತ್ತಿ ತೋರಿಸಿದೆ. "ನಿಂದ ಪಾಳಿ ಬಂದೈತಿ, ಇಳಿ! ಹಂಡೆದಾಗ ಸಿಕ್ಕೊಂಡಿತ್ತು!"

ಅವಳ ಅಪ್ಪ ಇಳಿದು ಬಂದು ತಂಬಿಗೆಯನ್ನು ಹೊರಳಿಸಿ ಹೊರಳಿಸಿ ನೋಡಿದ. "ಹಂಡೆದಾಗ ಹೆಂಗ ಹೋತ್ರಿ ಇದು?"

"ತಿಕ್ಕಿ ತೊಳದು ಇಟ್ಟಿದ್ನೆಪಾ."

 "ಚಲೋ ತೊಳದೀರಿ" ಎಂದು ಗಂಟು ಇಳಿಸಿಕೊಂಡ.

ರತ್ನಿ ಮುಂಡಗೋಡಿಗೆ ಹೋಗಲಿಲ್ಲ. ಹಳಿಯಾಳಕ್ಕೆ ಹೋದಳು, ಲಾರಿಯಲ್ಲಿ. ಅವಳ ಆಟ ನೋಡಲೆಂದು ನಾನೂ ಹತ್ತಿದೆ. ಸೆರಗು ಸರಿಮಾಡಿಕೊಂಡು ಕೂರುವುದರೊಳಗೆ ಔಟಾಗಿ ಬಂದಳು!

"ಏನವಾ ಇದು? ನಿನಗಿಂತ ನಾನ ಚಲೋ ಓಡಿದ್ನಲ್ಲ" ಎಂದೆ.

"ನಿಮ್ಮ ಕೈಯಾಗ ತಂಬಗಿ ಇತ್ತಲ್ರೀ ಅತ್ತಿ!" ಎಂದು ನಕ್ಕಳು. ಹುಡುಗಿ ಹೀಗೆ ನಗುತ್ತಾಳೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಸುಂದ್ರವ್ವ ಹೇಳಿದ ಪ್ರಕಾರ ಜಗಳ ಆಮೇಲೆ ಆಯಿತು. ಚೆನ್ನಾಗಿಯೇ ಆಯಿತು. ಅವಳ ಮಗಳಿಗೂ ಮುಂದೆ ಜಾಗ ಸಿಕ್ಕಿತು. ಪಾಳಿ ನೋಡುವ ಅಧಿಕಾರವನ್ನು ನಮ್ಮವರು ನನ್ನಿಂದ ಕಸಿದುಕೊಂಡು, ಗೋಡೆಯ ಮೇಲೆ ಖಡುವಿನಿಂದ, ಅದೇ ಸೀಮೆಸುಣ್ಣದಿಂದ, ಹೆಸರು ಬರೆಯತೊಡಗಿದರು. ಆ ಗೋಡೆಯನ್ನು ಸಾರಿಸಕೂಡದೆಂದು ನನಗೆ ಕಟ್ಟಪ್ಪಣೆ!

ನಳದ ಮುಂದಿನ ನನ್ನ ತೀರ್ಪುಗಾರಿಕೆಯೂ ಅಲ್ಲಿಗೆ ಮುಗಿಯಿತು. ಒಂದು ಲಾಭ ಮಾತ್ರ ಆಯಿತು, ಸುಳ್ಳೇಕೆ ಹೇಳಲಿ. ದಾಂಡೇಲಿ ಬಿಡುವತನಕ ಆ ನಳದ ಮುಂದೆ ನಾನು ಎಂದೂ ಕಾಯಲಿಲ್ಲ. ತಂಬಿಗೆ ಹಿಡಿದು ಬಂದರೆ ಸಾಕು, ಸಾಲಿಗೆ ಸಾಲೇ ಕೊಡ ಎತ್ತಿಕೊಂಡು ಸರಿಯುತ್ತಿತ್ತು.

"ಅಕ್ಕಾರಿಗೆ ಮದ್ಲ ಬಿಡ್ರೆ! ಅವರಿಗೆ ತಡಿಯೂದಿಲ್ಲ!"