ಹನ್ನೆರಡನೆಯವನು

ನಿನ್ನೆ ಸಂಜೆ ಹನ್ನೊಂದಿದ್ದ ಅಂಕಿ ಬೆಳಿಗ್ಗೆ ಹನ್ನೆರಡಾಗಿತ್ತು. ಸೇಡಂನ ಜಯತೀರ್ಥನ ದಿನ ಕೆಟ್ಟದ್ದು ಅಲ್ಲಿಂದಲೇ.

ಮುನಾಫ ಸಾಹೇಬರ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ವ್ಯಾಪಾರಕ್ಕೆ ಅವನೊಂದು ವೆಬ್‌ಸೈಟ್ ಕಟ್ಟಿದ್ದ. ಪುಟದ ಬುಡದಲ್ಲಿ ನೋಡಿದವರ ಲೆಕ್ಕ ತೋರಿಸುವ ಕಪ್ಪು ಪಟ್ಟಿ. ಮೊದಲ ಹನ್ನೊಂದು ಸಲ ನೋಡಿದವನು ಅವನೇ. ಬೆಳಿಗ್ಗೆ ಪುಟ ತೆರೆಯದೆ ಲೆಕ್ಕವನ್ನಷ್ಟೇ ನೋಡಿದ್ದ. ಹಾಗಾದರೆ ಹನ್ನೆರಡನೆಯವರು ಯಾರು? ಎಲ್ಲೋ ಮಂಜು ಬೀಳುವ ಊರಲ್ಲಿ, ಕಿಟಕಿಯ ಪಕ್ಕ ಕೂತು, ಯಾರೋ ಈ ಬೂದು ಕಲ್ಲನ್ನು ನೋಡಿ, ಏನೂ ಹೇಳದೆ ಎದ್ದು ಹೋಗಿರಬೇಕು. ಆ ಮೌನ ಅವನಿಗೆ ಹಿಡಿಸಿತು.

ಮನೆಯಲ್ಲಿ ಇಂಟರ್‌ನೆಟ್ಟಿಗೂ ಫೋನಿಗೂ ಒಂದೇ ತಂತಿ. ಅದನ್ನು ಇಂಟರ್‌ನೆಟ್ಟಿನಿಂದ ಕಿತ್ತು ಫೋನಿಗೆ ಸಿಕ್ಕಿಸಿದ್ದೇ ತಡ, ಗಂಟೆ ಬಾರಿಸಿತು. ಸಾಹೇಬರು ಚಿತ್ತಾಪುರದ ಎಸ್‌ಟಿಡಿ ಬೂತಿನಲ್ಲಿದ್ದರು. ಅವರ ಗಣಿಯಲ್ಲಿ ಫೋನಿಲ್ಲ. ಸೈಟಿನಲ್ಲಿದ್ದದ್ದೂ ಜಯತೀರ್ಥನ ಮನೆಯ ನಂಬರೇ.

"ಎಷ್ಟು ಮಂದಿ ನೋಡ್ಯಾರ ಬೇಟಾ?"

"ಹನ್ನೆರಡ್ರಿ."

"ನಮ್ಮ ಚಾದಂಗಡಿ ಮುಂದ ಇದಕ್ಕಿಂತ ಹೆಚ್ಚು ನಾಯಿ ಇರ್ತಾವ. ಸಂಜಿಗಿ ಬರ್ತೀನಿ. ಸಾವಿರ ಆಗಿದ್ರ ಗಣಿ ಆಫೀಸಿನ ಕುರ್ಚಿ ನಿಂದು. ಇಲ್ಲಾಂದ್ರ ಸೈಟ್ ಬಂದ್!"

ಪದವಿ ಮುಗಿಸಿ ನಾಲ್ಕು ವರ್ಷ ಆ ಗುಮಾಸ್ತನ ಕುರ್ಚಿಗಾಗಿಯೇ ಕಾದಿದ್ದ ಜಯತೀರ್ಥ ಮಂಕಾಗಿ ಕುಳಿತ. ಪಕ್ಕದ ಮನೆಯ ಭಗವಂತರಾಯರು ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡು ಬಂದೇಬಿಟ್ಟರು.

"ಒಬ್ಬನೇ ಹತ್ತು ಸಲ ನೋಡಿದ್ರ?"

"ಹತ್ತಂತನೇ ತೋರಸ್ತದ್ರಿ."

"ಮತ್ತ ಮಂದಿ ಯಾಕ ಬೇಕೋ ಹುಚ್ಚಾ? ಬಟನ್ ಒತ್ತು!"

ತಂತಿಯನ್ನು ಮತ್ತೆ ಇಂಟರ್‌ನೆಟ್ಟಿಗೆ ಸಿಕ್ಕಿಸಿ, ಪುಟವನ್ನು ಹೊಸದಾಗಿ ತೆರೆಯುವ ಕೀಲಿ ಒತ್ತಿದ. ಆದರೆ ಪ್ರತಿ ಒತ್ತಿಗೂ ಒಬ್ಬ ಹೊಸ ಮನುಷ್ಯನ ಕನಸು ಬೀಳುತ್ತಿತ್ತು. ಒಬ್ಬನಿಗೆ ಮೀಸೆ, ಒಬ್ಬಳಿಗೆ ಬೆಕ್ಕು. ಒಂದು ತಾಸಿನಲ್ಲಿ ಬರೀ ಹದಿನಾಲ್ಕು ಒತ್ತು; ಅಂಕಿ ಇಪ್ಪತ್ತಾರು.

"ಏಳು, ನಿನ್ನಿಂದ ಆಗಂಗಿಲ್ಲ," ಎಂದರು ಸೋದರತ್ತೆ ಪದ್ಮಾಬಾಯಿ. ದಿನಾ ಸಾವಿರದೆಂಟು ಜಪ ಮಾಡುವವರು. ಎಡಗೈಯಲ್ಲಿ ತುಳಸಿಮಣಿ, ಬಲಗೈ ಬೆರಳು ಕೀಲಿಯ ಮೇಲೆ. ಮಣಿಗೊಂದು ನಾಮ, ನಾಮಕ್ಕೊಂದು ಒತ್ತು. ಅಂಕಿ ಅಟ್ಟಕ್ಕೆ ಹತ್ತುವ ಇರುವೆಯ ಹಾಗೆ ಬಿಡದೆ ಏರತೊಡಗಿತು.

ನಾಲ್ಕು ಗಂಟೆಗೆ ಸಾವಿರ ದಾಟಿತು.

"ಅತ್ಯಾ, ಸಾಕು. ತಂತಿ ತೆಗದು ಫೋನಿಗಿ ಹಚ್ತೀನಿ."

ಅತ್ತೆ ಬಾಯಿ ಬಿಡಲಿಲ್ಲ. ಹುಬ್ಬು ಗಂಟಿಕ್ಕಿ "ಹೂಂಹೂಂ" ಎಂದರು. ಜಪ ನಡುವೆ ಮುರಿಯುವಂತಿಲ್ಲ, ಮಾತೂ ಆಡುವಂತಿಲ್ಲ. ಸಾವಿರದೆಂಟನೆಯ ಮಣಿ ಮುಟ್ಟಿದ ಮೇಲೆಯೇ ಎದ್ದರು. ಪಟ್ಟಿಯಲ್ಲಿ ಸಾವಿರದ ಮೂವತ್ತನಾಲ್ಕು.

ದೀಪ ಹಚ್ಚುವ ಹೊತ್ತಿಗೆ ಸಾಹೇಬರು ಬಂದರು. ಅಂಕಿ ನೋಡಿದರು. ನಗಲಿಲ್ಲ.

"ಹೈದರಾಬಾದಿನ ಒಬ್ಬ ಪಾರ್ಟಿ ನಿನ್ನಿ ರಾತ್ರಿ ನಮ್ಮ ಕಲ್ಲು ಇದರಾಗ ನೋಡ್ಯಾನ. ಭಾಳ ಪಸಂದ್ ಬಿತ್ತಂತ. ಮುಂಜಾನಿಂದ ನಿಮ್ಮ ನಂಬರಿಗಿ ಹಚ್ಚೇ ಹಚ್ಯಾನ. ದಿನಪೂರ್ತಿ ಎಂಗೇಜ್! ಸಾಕಾಗಿ ಬಾಜೂ ಗಣಿ ಬಂದೇನವಾಜ್‌ಗ ಹಚ್ಚಿ ಹತ್ತು ಲಾರಿ ಕಲ್ಲು ಹೇಳ್ಯಾನ. ಬಂದೇನವಾಜ್ ನನಗೇ ಚಾ ಕುಡಿಸಿ, ನಕ್ಕೊಂತ ಹೇಳಿದ."

ಅವರು ಮತ್ತೆ ಅಂಕಿಯತ್ತ ತಿರುಗಿದರು.

"ಇಷ್ಟು ಮಂದಿಯೊಳಗ ಅವ ಎಷ್ಟನೇದಾವ?"

"ಹನ್ನೆರಡನೇದಾವ್ರಿ," ಎಂದ ಜಯತೀರ್ಥ. ಅವನ ಮಂಜಿನ ಕಿಟಕಿ ಮೆಲ್ಲಗೆ ಮುಚ್ಚಿಕೊಂಡಿತು.

"ಉಳದವ್ರು?"

"ನಮ್ಮ ಬಾಯಾರು!" ಭಗವಂತರಾಯರು ಹೆಮ್ಮೆಯಿಂದ ಬೆರಳು ತೋರಿಸಿದರು. "ಆರು ತಾಸು ಕುರ್ಚಿ ಬಿಟ್ಟು ಎದ್ದಿಲ್ರಿ, ಒಂದು ಮಾತಾಡಿಲ್ಲ."

ಸಾಹೇಬರು ಪದ್ಮಾಬಾಯಿಯವರನ್ನು ಬಹಳ ಹೊತ್ತು ನೋಡಿದರು. ಅವರ ಹಳೆಯ ಗುಮಾಸ್ತ ಕುರ್ಚಿಯಲ್ಲಿ ಅರ್ಧ ತಾಸು ಕೂತರೆ ಹೆಚ್ಚು.

"ಕುರ್ಚಿ ಕೊಡ್ತೀನಂತ ಮಾತು ಕೊಟ್ಟೀನಿ, ತಪ್ಪಂಗಿಲ್ಲ," ಎಂದರು. "ಬಾಯಿ, ಸೋಮವಾರದಿಂದ ಬರ್ರಿ."

ಅತ್ತೆ ಮಣಿಸರವನ್ನು ಕಣ್ಣಿಗೊತ್ತಿಕೊಂಡರು. "ಬರ್ತೀನ್ರಿ. ಆದ್ರ ಜಪದ ನಡುವ ಬಾರಿಸಾಕ ಅಲ್ಲಿ ಫೋನ್ ಇಲ್ಲ ಹೌದಿಲ್ಲೋ?"